ಬೆಂಗಳೂರು ತುಂಬಿದ್ದು ಹೆರಿಗೆ ವಾರ್ಡಿನಿಂದಲ್ಲ

ಪ್ರಶ್ನೆ: ನಾವು ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟ್ ಒಂದರಲ್ಲಿ ಇರುವವರು. 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಪಟ್ಟ ಪಾಡು ಇನ್ನೂ ಮರೆತಿಲ್ಲ. ರಸ್ತೆಯಲ್ಲಿ ಜಾಗವಿಲ್ಲ, ಶಾಲೆಯಲ್ಲಿ ಸೀಟಿಲ್ಲ. ಇದಕ್ಕೆಲ್ಲ ಮೂಲ ಜನಸಂಖ್ಯೆಯೇ ಅಲ್ಲವೇ? ಎರಡೇ ಮಕ್ಕಳು ಎಂದು ಕಾನೂನು ಮಾಡಿ, ಕೊಳೆಗೇರಿಗಳಲ್ಲಿ ಕುಟುಂಬ ಯೋಜನೆಯನ್ನು ಬಿಗಿಯಾಗಿ ಜಾರಿಗೆ ತಂದರೆ ನಗರ ಉಳಿಯುವುದಿಲ್ಲವೇ? ಇನ್ನೊಂದು ವಿಷಯ. ನಮ್ಮ ಮನೆಗೆ ಕೆಲಸಕ್ಕೆ ಬರುವ ಹುಡುಗಿಗೆ 23 ವರ್ಷ, ಸುರಪುರದ ಕಡೆಯವಳು. ಎರಡು ಮಕ್ಕಳಿವೆ, ಚಿಕ್ಕದಕ್ಕೆ ಎಂಟು ತಿಂಗಳು. ಮೂರನೆಯದು ಈಗ ಬೇಡ, ಆದರೆ ಆಪರೇಷನ್ ಎಂದರೆ ಭಯ ಅನ್ನುತ್ತಾಳೆ. ಅವಳನ್ನು ಎಲ್ಲಿಗೆ ಕಳಿಸಲಿ?

ಉತ್ತರ: ನೀವು ಕೇಳಿರುವುದು ಎರಡು ಬೇರೆ ಬೇರೆ ಪ್ರಶ್ನೆ. ಊರಿನ ನೀರಿನದು ಒಂದು, ಆ ಹುಡುಗಿಯದು ಇನ್ನೊಂದು. ಇವೆರಡನ್ನೂ ಒಂದೇ ಕಟ್ಟಿಗೆ ಕಟ್ಟುವುದು ನಮ್ಮಲ್ಲಿ ಹಳೆಯ ಅಭ್ಯಾಸ. ಹಾಗೆ ಕಟ್ಟಿದಾಗಲೆಲ್ಲ ನೀರಿನ ಸಮಸ್ಯೆ ಇದ್ದಲ್ಲೇ ಉಳಿದು, ಅಂಥ ಹುಡುಗಿಯರ ಮೇಲೆ ಒತ್ತಡ ಮಾತ್ರ ಹೆಚ್ಚಿದೆ. ಹಾಗಾಗಿ ಬಿಡಿಸಿಯೇ ಉತ್ತರಿಸುತ್ತೇನೆ.

ಮೊದಲು ಲೆಕ್ಕ. 2001ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿದ್ದವರು 65 ಲಕ್ಷ ಚಿಲ್ಲರೆ ಜನ. 2011ಕ್ಕೆ ಅದು 96 ಲಕ್ಷ ದಾಟಿತು. ಹತ್ತು ವರ್ಷದಲ್ಲಿ ಶೇ 47ರಷ್ಟು ಏರಿಕೆ. ಇಡೀ ಕರ್ನಾಟಕ ಅದೇ ಹತ್ತು ವರ್ಷದಲ್ಲಿ ಬೆಳೆದದ್ದು ಶೇ 15.6 ಮಾತ್ರ. (2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲವಾದ್ದರಿಂದ ಈ ಹಳೆಯ ಅಂಕಿಯನ್ನೇ ಹಿಡಿಯಬೇಕಾಗಿದೆ.) ಆ ದಶಕದ ಕೊನೆಯಲ್ಲಿ ನಮ್ಮ ರಾಜ್ಯದ ನಗರಗಳಲ್ಲಿ ಸಾವಿರ ಜನಕ್ಕೆ ವರ್ಷಕ್ಕೆ ಸುಮಾರು 17 ಹುಟ್ಟು, 5ರಷ್ಟು ಸಾವು. ಅಂದರೆ ಹುಟ್ಟಿನಿಂದ ಸಾವನ್ನು ಕಳೆದರೆ ಸಾವಿರಕ್ಕೆ 12. ಈ ದರದಲ್ಲಿ ಬೆಂಗಳೂರು ಹತ್ತು ವರ್ಷದಲ್ಲಿ ತನ್ನಷ್ಟಕ್ಕೆ ತಾನು ಎಂಟರಿಂದ ಹತ್ತು ಲಕ್ಷ ಬೆಳೆಯಬಹುದಿತ್ತು. ಬೆಳೆದದ್ದು ಮೂವತ್ತೊಂದು ಲಕ್ಷ. ಉಳಿದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಇಲ್ಲಿನ ಯಾವ ಹೆರಿಗೆ ವಾರ್ಡಿನಲ್ಲೂ ಹುಟ್ಟಲಿಲ್ಲ. ಮೆಜೆಸ್ಟಿಕ್ಕಿನಲ್ಲಿ ಬಸ್ಸು, ರೈಲು ಇಳಿದು ಬಂದರು. ಕೆಲವರು ವಿಮಾನ ಇಳಿದೂ ಬಂದರು. ನಿಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ ಎಷ್ಟು ಜನ ಬೆಂಗಳೂರಲ್ಲೇ ಹುಟ್ಟಿದವರು ಎಂದು ಒಮ್ಮೆ ಕೇಳಿ ನೋಡಿ. ಹಾಗೆ ಬಂದವರನ್ನು ತಪ್ಪಿತಸ್ಥರ ಸಾಲಿನಲ್ಲಿ ನಿಲ್ಲಿಸಲು ಇದನ್ನು ಹೇಳುತ್ತಿಲ್ಲ. ಕೆಲಸ ಇರುವ ಕಡೆ ಜನ ಬರುತ್ತಾರೆ, ಅಷ್ಟೇ.

ಇನ್ನು ಹುಟ್ಟಿನ ಮಾತು. 2019–21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ದೇಶದ ನಗರಗಳ ಸರಾಸರಿ 1.6. ಒಂದು ತಲೆಮಾರು ತನ್ನಷ್ಟೇ ದೊಡ್ಡ ಇನ್ನೊಂದು ತಲೆಮಾರನ್ನು ಬಿಟ್ಟುಹೋಗಲು 2.1 ಬೇಕು. ನಾವು ಆ ಗೆರೆಯ ಕೆಳಗೆ ಇಳಿದಾಗಿದೆ. ಪಕ್ಕದ ಆಂಧ್ರದಲ್ಲಿ ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ನಿಲ್ಲುವಂತಿಲ್ಲ ಎಂಬ ನಿಯಮವಿತ್ತು. 2024ರಲ್ಲಿ ಅದನ್ನು ತೆಗೆದುಹಾಕಿದರು. ಅಲ್ಲಿ ಈಗ ಹೆಚ್ಚು ಮಕ್ಕಳು ಮಾಡಿಕೊಳ್ಳಿ ಎಂಬ ಮಾತು ಶುರುವಾಗಿದೆ. ಇಂಥ ಹೊತ್ತಿನಲ್ಲಿ ನೀವು ಎರಡು ಮಕ್ಕಳ ಕಾನೂನು ಕೇಳುತ್ತಿದ್ದೀರಿ!

ಜನ ಸರಾಸರಿ ಎರಡಕ್ಕಿಂತ ಕಡಿಮೆ ಹೆರುತ್ತಿರುವ ಊರಿನಲ್ಲಿ ಆ ಕಾನೂನು ಯಾರನ್ನು ಮುಟ್ಟುತ್ತದೆ? ಮೊದಲೆರಡೂ ಹೆಣ್ಣಾಗಿ ಗಂಡು ಬೇಕೆಂದು ಕಾಯುವ ಮನೆಗಳನ್ನು. ಅಲ್ಲಿ ಕಾನೂನು ಮೂರನೆಯ ಬಸಿರನ್ನು ತಡೆಯುವುದಿಲ್ಲ, ಗಂಡೋ ಹೆಣ್ಣೋ ಎಂದು ನೋಡುವ ಸ್ಕ್ಯಾನಿಂಗ್ ಶುರುವಾಗುತ್ತದೆ. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಯಂತ್ರ ಇಟ್ಟು ಭ್ರೂಣದ ಲಿಂಗ ನೋಡುತ್ತಿದ್ದ ಜಾಲವನ್ನು ಬೆಂಗಳೂರು ಪೊಲೀಸರು ಹಿಡಿದದ್ದು ನೀವು ಪತ್ರಿಕೆಯಲ್ಲಿ ಓದಿರುತ್ತೀರಿ. ಕಾನೂನಿನ ಒತ್ತಡವೇ ಇಲ್ಲದಾಗಿನ ಸ್ಥಿತಿ ಅದು. ಚೀನಾ ಮೂರೂವರೆ ದಶಕ ಒಂದೇ ಮಗುವಿನ ನೀತಿ ನಡೆಸಿ 2015ರಲ್ಲಿ ಕೈಬಿಟ್ಟಿತು, 2021ರಲ್ಲಿ ಮೂರು ಮಕ್ಕಳಿಗೆ ಒಪ್ಪಿಗೆ ಕೊಟ್ಟಿತು, 2022ರಿಂದ ಅಲ್ಲಿನ ಜನಸಂಖ್ಯೆ ಇಳಿಯುತ್ತಿದೆ. ನಮ್ಮ ಕೇಂದ್ರ ಸರ್ಕಾರವೇ 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ ಕುಟುಂಬ ಯೋಜನೆಯಲ್ಲಿ ಬಲವಂತಕ್ಕೆ ತನ್ನ ವಿರೋಧವಿದೆ ಎಂದು ಹೇಳಿದೆ.

ನೀರಿನ ವಿಷಯವನ್ನು ಬೇಗ ಮುಗಿಸುತ್ತೇನೆ, ಅದು ನನ್ನ ಕ್ಷೇತ್ರವಲ್ಲ. 2024ರ ಆ ಬೇಸಿಗೆಯಲ್ಲಿ ಬೆಂಗಳೂರಿನ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿದ್ದವು ಎಂದು ಸರ್ಕಾರವೇ ಹೇಳಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಚಾಲನೆಗೆ ಬಂತು: ಹಿಂದೆಯೇ ನಗರಕ್ಕೆ ಸೇರಿಸಿಕೊಂಡಿದ್ದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್. ಆ ಹಳ್ಳಿಗಳು ನಗರಕ್ಕೆ ಸೇರಿದ್ದು 2007ರಲ್ಲಿ. ಹದಿನೇಳು ವರ್ಷ ಅಲ್ಲಿ ಲೇಔಟ್ ಎದ್ದವು, ಅಪಾರ್ಟ್‌ಮೆಂಟ್ ಎದ್ದವು, ಖಾತಾ ಆಯಿತು, ಪೈಪು ಮಾತ್ರ ಬರಲಿಲ್ಲ. ಈ ತಡಕ್ಕೂ ಕೊಳೆಗೇರಿಯ ಬಾಣಂತಿಗೂ ಏನು ಸಂಬಂಧ? ಇನ್ನು ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಅವು ಯಾರ ಹೊಟ್ಟೆಯಲ್ಲೂ ಹುಟ್ಟಿದ್ದಲ್ಲ. ಐದು ಜನರ ಒಂದು ಮನೆ ಒಡೆದು ಇಬ್ಬರು, ಮೂವರ ಎರಡು ಮನೆಯಾದರೆ ಜನ ಅಷ್ಟೇ ಇರುತ್ತಾರೆ. ಫ್ರಿಜ್ಜು, ವಾಷಿಂಗ್ ಮೆಷಿನ್ನು, ಪಾರ್ಕಿಂಗು ಎರಡಾಗುತ್ತವೆ. ನಗರದ ಮೇಲಿನ ಭಾರವನ್ನು ತಲೆ ಎಣಿಸಿ ಅಳೆಯಲಾಗದು ಅನ್ನುವುದು ಇದಕ್ಕೇ.

ಹಾಗಾದರೆ ಕುಟುಂಬ ಯೋಜನೆ ನಗರಕ್ಕೆ ಬೇಡವೇ? ಬೇಕು. ಆದರೆ ಬೇರೆ ಕಾರಣಕ್ಕೆ ಬೇಕು, ಮತ್ತು ಈಗ ಸಿಗುತ್ತಿರುವುದಕ್ಕಿಂತ ಬೇರೆ ರೀತಿಯಲ್ಲಿ ಬೇಕು. ನನಗೆ ಹೇಳಬೇಕೆನಿಸುವ ಮಾತು ಇದೇ.

ನಮ್ಮ ನೆಲಕ್ಕೆ ಈ ವಿಷಯ ಹೊಸದೇನಲ್ಲ. ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿದ್ದು 1930ರಲ್ಲಿ. ಸರ್ಕಾರವೊಂದು ತಾನೇ ಮುಂದಾಗಿ ಹೀಗೆ ಮಾಡಿದ್ದು ಜಗತ್ತಿನಲ್ಲಿ ಅದೇ ಮೊದಲು ಎಂದು ಹೇಳುತ್ತಾರೆ. 1952ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿದಾಗ ಮೊದಲ ಪ್ರಯೋಗ ನಡೆದ ಜಾಗಗಳಲ್ಲಿ ನಮ್ಮ ರಾಮನಗರವೂ ಒಂದು. ಆಗಿನ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಅವರಿಗೆ ಔಷಧ, ಸಾಧನಗಳು ಇಷ್ಟವಿರಲಿಲ್ಲ; ದಿನ ಎಣಿಸುವ ಪದ್ಧತಿಯೇ ಸಾಕು ಎಂದರು. ಹಳ್ಳಿಯ ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಟ್ಟು, ದಿನಕ್ಕೊಂದು ಮಣಿ ಸರಿಸಿ, ಇಂಥ ಬಣ್ಣ ಬಂದರೆ ಗಂಡನಿಂದ ದೂರವಿರಿ ಎಂದು ಹೇಳಿಕೊಟ್ಟರು. ದೂರವಿರುವುದು ಹೆಂಡತಿಯೊಬ್ಬಳ ಕೈಯಲ್ಲಿದೆ ಎಂದುಕೊಂಡದ್ದೇ ಮೊದಲ ಎಡವಟ್ಟು. ಪ್ರಯೋಗ ಫಲ ಕೊಡಲಿಲ್ಲ.

ಆಮೇಲೆ ಕುಟುಂಬ ಯೋಜನೆಯ ಗುರುತಾದ ಕೆಂಪು ತ್ರಿಕೋನ ಬಂತು, 'ಆರತಿಗೊಬ್ಬಳು ಕೀರ್ತಿಗೊಬ್ಬ' ಎಂಬ ಘೋಷಣೆ ಬಂತು, ತುರ್ತು ಪರಿಸ್ಥಿತಿಯೂ ಬಂತು. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಅದರಲ್ಲಿ ಸುಮಾರು 62 ಲಕ್ಷ ಗಂಡಸರದು. ಮುಂದಿನ ಚುನಾವಣೆಯಲ್ಲಿ ಆ ಸರ್ಕಾರವೇ ಬಿತ್ತು. ಆ ಬಳಿಕ ಯಾವ ಸರ್ಕಾರವೂ ಗಂಡಸರ ತಂಟೆಗೆ ಹೋಗಲಿಲ್ಲ. ಇಷ್ಟು ಆಪರೇಷನ್ ಆಗಲೇಬೇಕು ಎಂಬ ಗುರಿ ಮಾತ್ರ ಹಾಗೇ ಇತ್ತು, ಅದು ಹೆಂಗಸರ ಕಡೆ ತಿರುಗಿತು. 2014ರಲ್ಲಿ ಛತ್ತೀಸಗಡದ ಬಿಲಾಸಪುರದ ಶಿಬಿರಗಳಲ್ಲಿ ಆಪರೇಷನ್ ಮಾಡಿಸಿಕೊಂಡ ಹತ್ತಕ್ಕೂ ಹೆಚ್ಚು ಹೆಂಗಸರು ಸತ್ತರು. ಮೂರು ವರ್ಷದೊಳಗೆ ಶಿಬಿರಗಳನ್ನು ನಿಲ್ಲಿಸಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2016ರಲ್ಲಿ. ನಿಮ್ಮ ಕೆಲಸದ ಹುಡುಗಿಯ ಭಯ ಅಜ್ಞಾನದಿಂದ ಬಂದದ್ದಲ್ಲ. ಅವಳ ಊರಿನಲ್ಲಿ ಯಾರಿಗೋ ಏನೋ ಆಗಿರುತ್ತದೆ.

ಇವತ್ತಿನ ಕರ್ನಾಟಕದ ಚಿತ್ರ ನೋಡಿ. ಅದೇ ಐದನೇ ಸಮೀಕ್ಷೆಯಲ್ಲಿ ಸಂತಾನೋತ್ಪತ್ತಿ ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಶೇ 57 ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಆಪರೇಷನ್ ಪ್ರಮಾಣ ಸೊನ್ನೆ ಎಂದೇ ದಾಖಲಾಗಿದೆ. ವಂಕಿ (ಗರ್ಭಕೋಶದೊಳಗೆ ಇಡುವ ಕಾಪರ್–ಟಿ), ಮಾತ್ರೆ, ನಿರೋಧ್ ಎಲ್ಲ ಸೇರಿಸಿದರೂ ಹತ್ತರ ಆಚೀಚೆ. ಅಂದರೆ ನಮ್ಮಲ್ಲಿ ಕುಟುಂಬ ಯೋಜನೆ ಎಂದರೆ ಬಾಗಿಲು ಮುಚ್ಚುವ ಕೆಲಸ. ಯಾವಾಗ ಬೇಕು, ಎಷ್ಟು ಬಿಟ್ಟು ಬೇಕು ಎಂಬ ಯೋಜನೆಗೆ ಅದರಲ್ಲಿ ಜಾಗವೇ ಇಲ್ಲ. ಹುಡುಗಿ ಹದಿನೆಂಟು, ಹತ್ತೊಂಬತ್ತಕ್ಕೆ ಮದುವೆಯಾಗುತ್ತಾಳೆ, ವರ್ಷದೊಳಗೆ ಬಸಿರು, ಎರಡು ವರ್ಷಕ್ಕೆ ಇನ್ನೊಂದು, ಎರಡನೇ ಹೆರಿಗೆಯ ಜೊತೆಗೇ ಆಪರೇಷನ್. ಇಪ್ಪತ್ಮೂರಕ್ಕೆ ಎಲ್ಲ ಮುಗಿದಿರುತ್ತದೆ. ನಡುವಿನ ನಾಲ್ಕೈದು ವರ್ಷ, ಮೈಯಲ್ಲಿ ರಕ್ತ ಕೂಡಿಕೊಳ್ಳಬೇಕಾದ, ಒಂದು ಕೆಲಸ ಕಲಿಯಬೇಕಾದ ವರ್ಷಗಳು, ಒಂದರ ಹಿಂದೊಂದು ಬಾಣಂತನದಲ್ಲಿ ಹೋಗುತ್ತವೆ. ರಾಜ್ಯದ ಅರ್ಧಕ್ಕರ್ಧ ಹೆಂಗಸರಿಗೆ ರಕ್ತಹೀನತೆ ಇರುವಾಗ ಇದು ಸಣ್ಣ ಮಾತಲ್ಲ. ಒಂದು ಹೆರಿಗೆಯಾದ ಮೇಲೆ ಕನಿಷ್ಠ ಎರಡು ವರ್ಷ ಬಿಟ್ಟು ಮುಂದಿನ ಬಸಿರಿನ ಯೋಚನೆ ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಎರಡು ವರ್ಷ ಸಿಗುವಂತೆ ಮಾಡುವ ಸೇವೆಯೇ ನಮ್ಮಲ್ಲಿ ಸೊರಗಿರುವುದು.

ನಗರದಲ್ಲಿ ಇದಕ್ಕೆ ಇನ್ನೊಂದು ತೊಡಕು. ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಗೆ ಯಾರ ಮನೆಯಲ್ಲಿ ಯಾರು ಬಸುರಿ ಎಂದು ಗೊತ್ತಿರುತ್ತದೆ. ಇಲ್ಲಿ ಕಟ್ಟಡದ ಪಕ್ಕ ತಗಡಿನ ಶೆಡ್ಡುಗಳು ಏಳುತ್ತವೆ. ಯಾದಗಿರಿ, ರಾಯಚೂರಿನಿಂದ ಬಂದ ಹತ್ತಿಪ್ಪತ್ತು ಕುಟುಂಬ ಒಂದು ವರ್ಷ ಇರುತ್ತವೆ. ಕಟ್ಟಡ ಮುಗಿದ ವಾರದಲ್ಲಿ ಶೆಡ್ಡು ಕಿತ್ತು ಸರ್ಜಾಪುರಕ್ಕೋ ದೇವನಹಳ್ಳಿಗೋ ಹೋಗುತ್ತವೆ. ಆಶಾ ಅವರ ಪಟ್ಟಿಯಲ್ಲಿ ಈ ಜನ ಸೇರುವ ಹೊತ್ತಿಗೆ ಶೆಡ್ಡೇ ಇರುವುದಿಲ್ಲ. ತಾಯಿ ಕಾರ್ಡ್ ಊರಿನದು, ಗಂಡ ದುಡಿಯುವುದು ಇಲ್ಲಿ, ಹೆರಿಗೆ ತವರಿನಲ್ಲಿ. ಹೆರಿಗೆಯಾಗಿ ವಾಪಸ್ ಬಂದವಳನ್ನು ಕೇಳುವವರು ಯಾರು?

ಕ್ಲಿನಿಕ್ಕುಗಳೇ ಇಲ್ಲ ಎಂದಲ್ಲ. 1994ರ ನಂತರ ವಿಶ್ವಬ್ಯಾಂಕ್ ನೆರವಿನ ಐಪಿಪಿ–8 (ಎಂಟನೇ ಭಾರತ ಜನಸಂಖ್ಯಾ ಯೋಜನೆ) ಅಡಿಯಲ್ಲಿ ಬೆಂಗಳೂರಿನ ಕೊಳೆಗೇರಿಗಳ ಹತ್ತಿರ ಆರೋಗ್ಯ ಕೇಂದ್ರ, ಹೆರಿಗೆ ಆಸ್ಪತ್ರೆಗಳು ಬಂದವು. 2013ರ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನ 50 ಸಾವಿರ ಜನಕ್ಕೊಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರ ಎಂದಿತು. 2022ರ ಡಿಸೆಂಬರಿನಿಂದ ರಾಜ್ಯ ಸರ್ಕಾರದ 'ನಮ್ಮ ಕ್ಲಿನಿಕ್'ಗಳು ಶುರುವಾದವು. ಬೆಂಗಳೂರಿಗೆ ಆಗಿನ ಲೆಕ್ಕದಲ್ಲಿ ವಾರ್ಡಿಗೊಂದರಂತೆ 243 ಎಂದು ಯೋಜನೆಯಿತ್ತು. ಆದರೆ ಶುರುವಾದಾಗ ಅವುಗಳಿಗೆ ಗೊತ್ತುಮಾಡಿದ ಸಮಯ ಬೆಳಿಗ್ಗೆ 9ರಿಂದ ಸಂಜೆ 4.30. ಗಾರ್ಮೆಂಟ್ಸ್ ಶಿಫ್ಟು ಬಿಡುವುದು ಐದೂವರೆಗೆ. ಬೊಮ್ಮನಹಳ್ಳಿ, ಪೀಣ್ಯದ ಸಾವಿರಾರು ಹೆಣ್ಣುಮಕ್ಕಳಿಗೆ ಆ ಕ್ಲಿನಿಕ್ಕು ಬೀಗ ಹಾಕಿದ ಬಾಗಿಲಾಗಿಯೇ ಕಾಣುವುದು. ನಿರೋಧ್ ಡಬ್ಬಿಯನ್ನು ಹೊರರೋಗಿಗಳ ಸಾಲಿನ ಎದುರಿಗೇ, ಎಲ್ಲರ ಕಣ್ಣು ಬೀಳುವಂತೆ ಗೋಡೆಗೆ ಮೊಳೆ ಹೊಡೆದಿರುತ್ತಾರೆ. ಶೌಚಾಲಯದ ಪಕ್ಕಕ್ಕೆ ಸರಿಸಿದರೆ ಖಾಲಿಯಾದೀತು. ವಾರದಲ್ಲಿ ಎರಡು ದಿನ ರಾತ್ರಿ ಎಂಟರವರೆಗೆ ತೆರೆಯಿರಿ, ಶೆಡ್ಡುಗಳಿಗೆ ತಿಂಗಳಿಗೊಮ್ಮೆ ಭಾನುವಾರ ನರ್ಸಮ್ಮನನ್ನು ಕಳಿಸಿ: ಇಷ್ಟು ಮಾಡಿದರೆ ಯಾವ ಕಾನೂನೂ ಮಾಡಲಾಗದ ಕೆಲಸ ಆಗುತ್ತದೆ ಎಂದು ನನ್ನ ನಂಬಿಕೆ.

ಈಗ ಆ ಹುಡುಗಿ. ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ನಮ್ಮ ಕ್ಲಿನಿಕ್‌ಗೋ ಕಳಿಸಿ. ತಾಯಿ ಕಾರ್ಡ್ ಇದ್ದರೆ ತೆಗೆದುಕೊಂಡು ಹೋಗಲಿ, ಇಲ್ಲದಿದ್ದರೂ ಹೋಗಲಿ. ಮೊದಲು ಬಸಿರಿಲ್ಲ ಎಂದು ಖಚಿತ ಮಾಡಿಕೊಳ್ಳುತ್ತಾರೆ. ಮಗುವಿಗೆ ಇನ್ನೂ ಹಾಲು ಕುಡಿಸುತ್ತಿದ್ದೇನೆ, ಅದೇ ರಕ್ಷಣೆ ಎಂದು ಅವಳು ಅಂದುಕೊಂಡಿರಬಹುದು. ಆ ರಕ್ಷಣೆ ಆರು ತಿಂಗಳವರೆಗೆ, ಅದೂ ಮಗುವಿಗೆ ಎದೆಹಾಲು ಬಿಟ್ಟು ಬೇರೇನೂ ಕೊಡದೆ, ಮುಟ್ಟು ಮರಳಿರದಿದ್ದರೆ ಮಾತ್ರ. ಎಂಟನೇ ತಿಂಗಳಿಗೆ ಅದನ್ನು ನಂಬಿ ಕೂರುವಂತಿಲ್ಲ.

ಅವಳಿಗೆ ನಾನು ಮೊದಲು ಹೇಳುವುದು ವಂಕಿ, ಅಂದರೆ ಕಾಪರ್–ಟಿ. ಸರ್ಕಾರಿ ಪೂರೈಕೆಯಲ್ಲಿ ಎರಡು ಬಗೆ, ಒಂದು ಐದು ವರ್ಷದ್ದು, ಇನ್ನೊಂದು ಹತ್ತು ವರ್ಷದ್ದು. ಬೇಡವೆಂದ ದಿನ ತೆಗೆಸಬಹುದು. ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವ, ಹೊಟ್ಟೆನೋವು ತುಸು ಹೆಚ್ಚಾಗಬಹುದು. ರಕ್ತ ತೀರಾ ಕಡಿಮೆ ಇದ್ದರೆ ಹಿಮೋಗ್ಲೋಬಿನ್ ನೋಡಿ ನಿರ್ಧರಿಸಬೇಕು. ಅದು ಮೇಲೇರಿ ಎದೆಗೆ ಹೋಗುತ್ತದೆ ಎಂಬ ಮಾತನ್ನು ಅವಳು ಕೇಳಿರುತ್ತಾಳೆ. ಗರ್ಭಕೋಶಕ್ಕೂ ಎದೆಗೂ ದಾರಿಯೇ ಇಲ್ಲ.

ಎರಡನೆಯದು 'ಅಂತರಾ' ಎಂಬ ಚುಚ್ಚುಮದ್ದು, ಮೂರು ತಿಂಗಳಿಗೊಂದು. ಯಾರಿಗೂ ಗೊತ್ತಾಗದಂತೆ ತೆಗೆದುಕೊಳ್ಳಬಹುದು ಎಂಬುದೇ ಇದರ ಬಲ, ಅತ್ತೆಮನೆಯಲ್ಲಿ ಇರುವವರಿಗೆ ವಿಶೇಷವಾಗಿ. ಮುಟ್ಟು ಏರುಪೇರಾಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ. ಇದನ್ನು ಮೊದಲೇ ಹೇಳದೆ ಚುಚ್ಚಿ ಕಳಿಸಿದರೆ ಎರಡನೇ ಡೋಸಿಗೆ ಯಾರೂ ಬರುವುದಿಲ್ಲ. ಬಿಟ್ಟ ಮೇಲೆ ಮತ್ತೆ ಬಸಿರಾಗಲು ಕೊನೆಯ ಚುಚ್ಚುಮದ್ದಿನಿಂದ ಏಳರಿಂದ ಹತ್ತು ತಿಂಗಳು ಹಿಡಿಯಬಹುದು. ಜಾತ್ರೆಗೋ ಯುಗಾದಿಗೋ ಊರಿಗೆ ಹೋಗಿ ದಿನ ತಪ್ಪಿದರೆ ಗಾಬರಿ ಬೇಡ: ಗೊತ್ತಾದ ದಿನಕ್ಕಿಂತ ಎರಡು ವಾರ ಮೊದಲೂ ಕೊಡಬಹುದು, ನಾಲ್ಕು ವಾರ ತಡವಾದರೂ ನಡೆಯುತ್ತದೆ. ಚುಚ್ಚುಮದ್ದಿನ ಕಾರ್ಡ್ ಜೊತೆಗಿದ್ದರೆ ಸುರಪುರದ ಸರ್ಕಾರಿ ಆಸ್ಪತ್ರೆಯಲ್ಲೂ ಕೇಳಬಹುದು.

ಮಾತ್ರೆಯೇ ಬೇಕೆಂದರೆ ಛಾಯಾ. ಹಾರ್ಮೋನು ಇಲ್ಲದ್ದು, ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಕಂಡುಹಿಡಿದದ್ದು, ಹಾಲೂಡಿಸುವವರಿಗೂ ಆಗುತ್ತದೆ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ವಾರ ಮರೆಯುವವರಿಗೆ ಇದು ಒಗ್ಗದು. ಅಕಸ್ಮಾತ್ ಏನೂ ಬಳಸದ ದಿನ ಬಂದರೆ 72 ಗಂಟೆಯೊಳಗೆ ತೆಗೆದುಕೊಳ್ಳುವ ತುರ್ತು ಮಾತ್ರೆ ಇದೆ. ಅದು ಅಪರೂಪಕ್ಕೆ ಮಾತ್ರ. ಬಸಿರಾಗಿಯೇಬಿಟ್ಟಿದ್ದರೆ ಔಷಧದಂಗಡಿಯಲ್ಲಿ ಮಾತ್ರೆ ಕೇಳಿ ನುಂಗುವ ಬದಲು ಆಸ್ಪತ್ರೆಗೆ ಬರಲಿ. ಗರ್ಭನಿರೋಧಕ ವಿಫಲವಾದದ್ದು ಕಾನೂನಿನಲ್ಲಿ ಗರ್ಭಪಾತಕ್ಕೆ ಒಪ್ಪಿತ ಕಾರಣ. 2021ರ ತಿದ್ದುಪಡಿಯ ನಂತರ ಅದು ಮದುವೆಯಾಗದವರಿಗೂ ಅನ್ವಯಿಸುತ್ತದೆ.

ಮುಂದೊಂದು ದಿನ ಅವಳೇ ಆಪರೇಷನ್ ಬೇಕು ಎಂದರೆ, ಸರ್ಕಾರಿ ನಿಯಮದಂತೆ ಹೆಂಗಸಿಗೆ 22 ವರ್ಷ ದಾಟಿರಬೇಕು, ಕನಿಷ್ಠ ಒಂದು ಮಗುವಿಗೆ ಒಂದು ವರ್ಷ ತುಂಬಿರಬೇಕು. ಗಂಡನ ಸಹಿ ಬೇಕಿಲ್ಲ. ಬಹಳ ಆಸ್ಪತ್ರೆಗಳಲ್ಲಿ ಕೇಳುತ್ತಾರೆ, ಆದರೆ ನಿಯಮದಲ್ಲಿ ಇಲ್ಲ. ಅದಕ್ಕೂ ಮೊದಲು ಗಂಡನನ್ನು ಒಮ್ಮೆ ಕರೆತರಲು ಹೇಳಿ. ಗಂಡಸರಿಗೆ ಮಾಡುವ ಗಾಯವಿಲ್ಲದ ವಾಸೆಕ್ಟಮಿ ಹತ್ತಿಪ್ಪತ್ತು ನಿಮಿಷದ ಕೆಲಸ, ಹೊಲಿಗೆ ಇಲ್ಲ, ಹೊಟ್ಟೆ ಕೊಯ್ಯುವುದಿಲ್ಲ. ಶಕ್ತಿ ಹೋಗುತ್ತದೆ, ಗಾರೆ ಕೆಲಸ ಮಾಡಲಾಗದು ಎಂಬುದೆಲ್ಲ ಸುಳ್ಳು. ಮೂರು ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ನೋಡಿಕೊಳ್ಳಬೇಕು, ಅಷ್ಟೇ. ಅವನು ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವ ಕಡೆ ಕೆಲಸದಲ್ಲಿದ್ದರೆ ಏಳು ದಿನ ಪೂರ್ತಿ ಸಂಬಳದ ರಜೆ ಸಿಗುತ್ತದೆ. ಹೆಂಗಸಿಗಾದರೆ ಹದಿನಾಲ್ಕು ದಿನ. ಫ್ಯಾಕ್ಟರಿಗಳಲ್ಲಿ ಇದನ್ನು ಹೇಳುವವರೇ ಕಡಿಮೆ.

ಮನೆಗೆಲಸದವರಿಗೆ ಇಎಸ್‌ಐ ಇಲ್ಲ. ಅವಳು ಕ್ಲಿನಿಕ್ಕಿಗೆ ಹೋಗುವ ದಿನ ಸಂಬಳ ಹಿಡಿಯಬೇಡಿ ಎಂದು ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಒಂದು ಸಾಲು ಬರೆಸಿ, ಎಲ್ಲ ಮನೆಗಳಿಗೂ ಅನ್ವಯಿಸುವಂತೆ. ಅವಳು ದಿನಕ್ಕೆ ನಿಮ್ಮೊಬ್ಬರ ಮನೆಗೇ ಅಲ್ಲ, ನಾಲ್ಕೈದು ಮನೆಗೆ ಹೋಗುವವಳು. ನೀವೊಬ್ಬರೇ ರಜೆ ಕೊಟ್ಟರೆ ಸಾಲದು.